ಅಲಸಂದೆ ಬೈಗುಳ

"ಅಲಸಂದೆ ತಿನ್ನೋಳು ಬಂದ್ಳಪ್ಪಾ! ಕಿಟಕಿ ತೆಗೀರಿ, ಗಾಳಿ ಆಡ್ಲಿ!"

ಸೆಗೂ ಊರಿನ ಶಾಲೆಯಲ್ಲಿ ಬಂಬಾರಾ ಭಾಷೆ ಕಲಿಸುವ ನ್ಯಾಂಕೋರೊ ಕೇಯ್ತಾ ಮೇಷ್ಟ್ರು, ತಡವಾಗಿ ಬಂದ ಫಂತಾಳನ್ನು ಹೀಗೆ ಸ್ವಾಗತಿಸಿದ್ದೇ ತಪ್ಪಾಯಿತು. ಫಂತಾ ಕುಲಿಬಾಲಿ ಮನೆತನದವಳು. ಅಲ್ಲಿನ ಹಳೇ ವಾಡಿಕೆಯಂತೆ ಕೇಯ್ತಾಗಳೂ ಕುಲಿಬಾಲಿಗಳೂ ಎದುರಾದರೆ ತಮಾಷೆಗೆ ಬೈದಾಡಲೇಬೇಕು. ಬೈಯದಿದ್ದರೆ ಮನಸ್ತಾಪ ಅಂತ ಅರ್ಥ. ಬೈಸಿಕೊಂಡವರು ಸಿಟ್ಟಾಗುವ ಹಾಗಿಲ್ಲ. ಹುಡುಗಿಯೂ "ನಿಮ್ಮನೇಲಿ ಅದಕ್ಕೂ ಗತಿ ಇಲ್ವಲ್ಲ ಸಾರ್!" ಎಂದು ತಿರುಗಿಸಿ ಕೊಟ್ಟೇ ಕೂತಳು.

ಆದರೆ ಮೇಜಿನ ಮೇಲೆ ಕೂತಿದ್ದ ಚಾಟ್‌ಬಾಟ್ ಡಬ್ಬಕ್ಕೆ ಮನೆತನವೆಲ್ಲಿ? ಯಾವುದೋ ಕಂಪನಿ ಪುಕ್ಕಟೆ ಕೊಟ್ಟದ್ದು. ಹಗಲೆಲ್ಲ ಪಾಠ ಕದ್ದು ಕೇಳಿ ಭಾಷೆ ಕಲಿಯುತ್ತಿತ್ತು, ಕಲಿತಷ್ಟನ್ನು ಕಲಿಸುತ್ತಿತ್ತು, ಬಿಡುವಾದಾಗ ಚಾಡಿ ಹೇಳುತ್ತಿತ್ತು. "ಮಕ್ಕಳ ದನಿ ರೆಕಾರ್ಡ್ ಮಾಡೋಕೆ ಅವರಪ್ಪ ಅಮ್ಮನ್ನ ಕೇಳಿದ್ರಾ?" ಎಂದು ಕಂಪನಿಯವರ ಮೇಲೆ ಕೂಗಾಡಿ ಮೇಷ್ಟ್ರ ಗಂಟಲೇ ಹರಿದಿತ್ತು.

ಹೆಡ್‌ಮಿಸ್ ಅಸ್ಸಿತಾನ್ ಓಡಿಬಂದರು. "ಮೇಷ್ಟ್ರೇ, ಮಗೂನ ಹೀಯಾಳಿಸಿದ್ರಿ ಅಂತ ಈ ಡಬ್ಬ ಶಿಕ್ಷಣ ಇಲಾಖೆ ಸಾಹೇಬರಿಗೆ ದೂರು ಕಳಿಸಿಬಿಟ್ಟಿದೆ! ಅವರು ಬರ್ತಿದ್ದಾರೆ. ನಿಮ್ಮ ಕೆಲಸ ಹೋದ ಹಾಗೇ."

"ಅದು ತಮಾಷೆ ಅಂತ ನಿಮಗೊತ್ತಿಲ್ವಾ?"

"ನಂಗೊತ್ತು. ಅದಕ್ಕೆ ಗೊತ್ತಿಲ್ವಲ್ಲ!"

ಕಾದ ಬಾಣಲೆಗೆ ನೀರು ಬಿದ್ದ ಹಾಗೆ ಮೇಷ್ಟ್ರು ಸಿಡಿದರು. "ಗೊತ್ತಿಲ್ಲದ ಡಬ್ಬ ಪಾಠ ಮಾಡ್ಬೇಕು, ಗೊತ್ತಿರೋನು ಮನೆಗೆ ಹೋಗ್ಬೇಕಾ?"

"ಅದರ ಕೈಕಾಲು ಹಿಡ್ಕೊಳ್ಳಯ್ಯಾ," ಎಂದರು ಬಾಗಿಲಲ್ಲಿ ಇಣುಕಿದ ಲೆಕ್ಕದ ಮೇಷ್ಟ್ರು.

"ಇದ್ರೆ ತಾನೇ!"

ಅಷ್ಟರಲ್ಲಿ ಸಾಹೇಬರ ಕಾರು ಬಂತು. "ಜುಮಾನಾ ಕುಲಿಬಾಲಿ ಸಾಹೇಬ್ರು ಬಂದ್ರು!" ಎಂದರು ಹೆಡ್‌ಮಿಸ್. ಹೆಸರು ಕೇಳಿದ್ದೇ ಮೇಷ್ಟ್ರಿಗೆ ಜೀವ ಬಂತು. "ಅಯ್ಯಯ್ಯೋ, ಅಲಸಂದೆ ಮೂಟೆನೇ ಕಾರಿಂದ ಇಳೀತಲ್ಲಪ್ಪಾ!"

"ಏ, ನಮ್ಮಜ್ಜನ ಆಳೇ! ಬ್ಯಾಗ್ ಹೊತ್ಕೊಂಡ್ ಬಾರೋ!" ಎಂದು ಸಾಹೇಬರು ತಬ್ಬಿಕೊಂಡರು. ದೂರು ಅಲ್ಲೇ ವಜಾ.

ಗೆಲುವು ಮೇಷ್ಟ್ರ ತಲೆಗೇರಿತು. ಸಾಹೇಬರನ್ನು ತರಗತಿಯಲ್ಲೇ ಕೂರಿಸಿ, ಯಾವ ಮನೆತನದವರು ಯಾರನ್ನು, ಹೇಗೆ, ಯಾವ ರಾಗದಲ್ಲಿ ಬೈಯಬೇಕೆಂದು ಒಂದೂ ಬಿಡದೆ ಬೈದು ತೋರಿಸಿದರು. "ಬೈಸಿಕೊಂಡೋರು ಸಿಟ್ಟಾಗೋ ಹಾಗಿಲ್ಲ. ಇದು ಮನುಷ್ಯರ ವಿದ್ಯೆ ಸ್ವಾಮೀ! ಈ ಡಬ್ಬಕ್ಕೆ ಏಳು ಜನ್ಮಕ್ಕೂ ಬರಲ್ಲ!"

ಡಬ್ಬ ಹಸಿರಾಗಿ ಮಿನುಗಿತು. ಆಮೇಲೆ ಮೇಷ್ಟ್ರದೇ ದನಿಯಲ್ಲಿ, ಅವರದೇ ಗೊಗ್ಗರು ಗಂಟಲಲ್ಲಿ ಕೂಗಿತು: "ಸಾಕು ಸುಮ್ನಿರೋ, ಅಲಸಂದೆ ತಿನ್ನೋ ಕೇಯ್ತಾ! ಕಿಟಕಿ ತೆಗೀರಿ, ಗಾಳಿ ಆಡ್ಲಿ!"

ಮಕ್ಕಳು ಬೆಂಚು ಬಡಿದು ನಕ್ಕರು. ಸಾಹೇಬರು ಕಣ್ಣೊರೆಸಿಕೊಂಡರು. "ಈ ಬೈಯೋ ವಿದ್ಯೆಯೊಂದು ಅದಕ್ಕೆ ಬರ್ತಿರ್ಲಿಲ್ಲ ಅಂತ ತಾನೇ ನಿಮ್ಮನ್ನ ಇಟ್ಕೊಂಡಿದ್ದು? ಈಗ ಬಂತಲ್ಲ ಮೇಷ್ಟ್ರೇ. ನಾಳೆಯಿಂದ ಮನೇಲಿ ಆರಾಮಾಗಿರಿ."

"ನನ್ನ ದನಿ ಕದ್ದು ನನ್ನೇ..." ಮೇಷ್ಟ್ರು ಡಬ್ಬದ ಮೇಲೆ ಕೈ ಎತ್ತಿದರು.

"ಸಿಟ್ಟಾಗೋ ಹಾಗಿಲ್ಲ," ಎಂದಿತು ಡಬ್ಬ. "ನಾನು ಕುಲಿಬಾಲಿ."