ಬಸ್ಸಿನಲ್ಲಿ ಪಾಸಾಗಿ ಪೂಜೆಯಲ್ಲಿ ಫೇಲಾದ ಯಂತ್ರ

ಆ ಯಂತ್ರ ಮನೆಗೆ ಬಂದ ದಿನ ಮಸ್ಕಿಯ ಪಡಸಾಲೆಯಲ್ಲಿ ನಾವು ನಾಲ್ವರಿದ್ದೆವು. ಹೊರಸಿನ ಮೇಲೆ ನಮ್ಮ ಸೋದರಮಾವ, ಹೊಸ್ತಿಲ ಬಳಿ ಮೊರ ಹಿಡಿದ ಅತ್ತೆ, ಸಿಂಧನೂರಿನ ಕಾಲೇಜಿಗೆ ರಜೆ ಸಿಕ್ಕಿತೆಂದು ಬಂದಿದ್ದ ನಾನು, ಮತ್ತು ಪಾರ್ಸಲ್ಲನ್ನು ಬಸ್ಸಿನಲ್ಲಿ ತಂದುಕೊಟ್ಟು ಚಹಾಕ್ಕೆ ಕಾಯುತ್ತಿದ್ದ ಕಂಡಕ್ಟರ್. ಇನ್ನೂ ಡಬ್ಬಿ ಬಿಚ್ಚಿಲ್ಲ, ಮಾವ ಕಂಡಕ್ಟರನ ಕಡೆ ತಿರುಗಿ ಕೇಳಿದ:

"ನಾಳೆ ಲಿಂಗಸುಗೂರಿಗೆ ಹೋಗೋ ಬಸ್ಸಿನಾಗ ಹಿಂದಿನ ಸೀಟು ಖಾಲಿ ಇರ್ತೈತೇನು?"

ಅರ್ಥವಾಯಿತಲ್ಲ? ಅರ್ಥವಾಗಲಿಲ್ಲವೆಂದರೆ ನಿಮಗೆ ನಮ್ಮ ಮಾವ ಗೊತ್ತಿಲ್ಲ! ಬಸ್ಸು ಹತ್ತಿಸಿ ನೋಡದೆ ಈ ಲೋಕದ ಯಾವ ವಸ್ತುವನ್ನೂ, ಯಾವ ಮನುಷ್ಯನನ್ನೂ ನಂಬಿದವನಲ್ಲ ಆತ. ಹೊಸ ಕೊಡೆ ತಂದರೆ ಅದಕ್ಕೆ ಬಸ್ಸಿನ ಹಿಂದಿನ ಸೀಟಿನಲ್ಲಿ ಒಂದು ಪ್ರಯಾಣ. ಮುಳ್ಳು ಮುಟ್ಟಿ ಹೊತ್ತು ತಿಳಿಯುವ ಕೈಗಡಿಯಾರ ಬಂದಾಗ ಅದಕ್ಕೂ ಪ್ರಯಾಣ. ಅಷ್ಟೇಕೆ, ನಮ್ಮ ಅಕ್ಕನನ್ನು ನೋಡಲು ಬಂದ ವರನನ್ನೂ ಸಂತೆಯ ದಿನ ಸಿಂಧನೂರಿನಿಂದ ಮಸ್ಕಿಗೆ ಹಿಂದಿನ ಸೀಟಿನಲ್ಲೇ ಕೂರಿಸಿಕೊಂಡು ಬಂದ! ದಾರಿಯಲ್ಲಿ ಯಾವಳೋ ಒಬ್ಬಳು ತನ್ನ ಕೂಸನ್ನು ಆ ಹುಡುಗನ ತೊಡೆಯ ಮೇಲಿಟ್ಟಳಂತೆ. ಕೂಸು ತನ್ನ ಕೆಲಸ ತಾನು ಮಾಡಿತಂತೆ. ಹುಡುಗ ತುಟಿ ಬಿಚ್ಚಲಿಲ್ಲವಂತೆ.

"ಪಾಸು! ಕೊಟ್ಟುಬಿಡ್ರಿ ಹುಡುಗೀನ" ಎಂದು ಮಾವ ಬಸ್ಸಿನಿಂದ ಇಳಿಯುತ್ತಲೇ ತೀರ್ಪು ಕೊಟ್ಟ. ಅಕ್ಕ ಇವತ್ತಿಗೂ ಸುಖವಾಗಿದ್ದಾಳೆ. ಏನಂತೀರಿ ಇದಕ್ಕೆ?

ಮಾವನಿಗೆ ಕಣ್ಣು ಕಾಣುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಸಿಡುಬು ಹೋಗುವಾಗ ಎರಡನ್ನೂ ಜೊತೆಗೆ ಒಯ್ದಿತ್ತು. ಲಿಂಗಸುಗೂರಿನ ಒಂದು ಖಾಸಗಿ ಶಾಲೆಯಲ್ಲಿ ಅವನು ಹಂಗಾಮಿ ಕನ್ನಡ ಮೇಷ್ಟ್ರು. ಪಠ್ಯಪುಸ್ತಕ ಬ್ರೈಲಿನಲ್ಲಿ ಸಿಗುತ್ತಿರಲಿಲ್ಲವಾದ್ದರಿಂದ ರಜೆಯಲ್ಲಿ ನಾನು ಗಟ್ಟಿಯಾಗಿ ಓದಬೇಕು, ಅವನು ದಪ್ಪ ಹಾಳೆಯನ್ನು ತಗಡಿನ ಪಟ್ಟಿಗೆ ಸಿಕ್ಕಿಸಿ, ಮೊಳೆಯಂಥ ಕಡ್ಡಿಯಿಂದ ಟಕಟಕ ಚುಚ್ಚಿ ಬರೆದುಕೊಳ್ಳಬೇಕು. ಹಿಂದಿನಿಂದ ಚುಚ್ಚಿದರೆ ಮುಂದೆ ಚುಕ್ಕಿ ಏಳುತ್ತದೆ. ಆ ಚುಕ್ಕಿಯೇ ಅಕ್ಷರ.

"ನುಂಗಬ್ಯಾಡವಾ, ಅಕ್ಷರ ಪೂರಾ ಹೊರಗ ಬರ್ಲಿ! ನೀ ನುಂಗಿದ್ದನ್ನ ನಾ ಎಲ್ಲಿಂದ ಚುಚ್ಚಲಿ?"

ಇವತ್ತು ನಾಲ್ಕು ಜನರೆದುರು ನಿಂತು ನಾನು ಸ್ಪಷ್ಟವಾಗಿ ಮಾತಾಡುತ್ತೇನೆಂದರೆ ಅದು ಆ ಬೈಗುಳದ ಪುಣ್ಯ. ಸಂಜೆ ಕರೆಂಟು ಹೋಗಿ ಓಣಿಯೆಲ್ಲ ಕಂದೀಲು ಹುಡುಕುತ್ತಿರುವಾಗ ಮಾವನ ಓದು ಮಾತ್ರ ನಿಲ್ಲುತ್ತಿರಲಿಲ್ಲ. ಹಾಳೆಯ ಮೇಲೆ ಬೆರಳಾಡಿಸುತ್ತ ಅವನು ಕತ್ತಲಲ್ಲೇ ಓದುತ್ತಿದ್ದ, ಕಣ್ಣಿದ್ದ ನಾವು ಅವನ ಸುತ್ತ ಕೂತು ಕೇಳುತ್ತಿದ್ದೆವು.

ಇಂಥವನಿಗೆ ಬೆಂಗಳೂರಿನ ಯಾವುದೋ ಸಂಸ್ಥೆಯವರು ವಿದೇಶದ ಯಂತ್ರವೊಂದನ್ನು ಕಳಿಸಿದ್ದರು. ಕಂಕುಳಲ್ಲಿ ಇಟ್ಟುಕೊಂಡು ತಿರುಗುವಷ್ಟು ಚಿಕ್ಕದು. ಗುಂಡಿ ಒತ್ತಿ ಬರೆದದ್ದೆಲ್ಲ ಅದರ ಹೊಟ್ಟೆಯೊಳಗೆ ಉಳಿಯುತ್ತದೆ. ಓದಬೇಕೆಂದಾಗ ಒಂದು ಸಾಲು ಸಣ್ಣ ತೂತುಗಳಿಂದ ಸಾಸಿವೆ ಗಾತ್ರದ ಮೊಳೆಗಳು ಎದ್ದು ಅಕ್ಷರವಾಗಿ ನಿಲ್ಲುತ್ತವೆ! ಜೊತೆಗೆ ಒಂದು ಕೋರಿಕೆ: ನಿಮ್ಮ ಕಡೆಯ ಧೂಳು, ಬಿಸಿಲು, ಕರೆಂಟನ್ನು ಇದು ತಡೆದುಕೊಳ್ಳುತ್ತದೆಯೇ, ಬಳಸಿ ನೋಡಿ ಹೇಳಿ. ನೋಡಿ, ಪರೀಕ್ಷೆ ಮಾಡಲು ಎಂಥವನನ್ನು ಹುಡುಕಿದ್ದರು!

ಯಂತ್ರ ಹಿಂದಿನ ಸೀಟು ಹತ್ತಿತು. ಎಗರಿತು, ಕುಲುಕಿತು, ಮೆಣಸಿನಕಾಯಿ ಚೀಲದ ಘಾಟು ಕುಡಿಯಿತು. ಕಿಟಕಿಯಿಂದ ಬಂದ ಕೆಂಪು ಧೂಳನ್ನೆಲ್ಲ ಮೈಗೆ ಬಳಿದುಕೊಂಡು ಲಿಂಗಸುಗೂರಿನಲ್ಲಿ ಇಳಿದಾಗಲೂ ಅದರ ಮೊಳೆಗಳು ಸರಾಗವಾಗಿ ಎದ್ದು ಬಿದ್ದು ಮಾಡುತ್ತಿದ್ದವು. ಒಂದು ವಾರ ಹೀಗೇ ನಡೆಯಿತು.

"ಪಾಸ್ ಆತಬೇ!" ಎಂದು ಮಾವ ಅತ್ತೆಗೆ ಹೇಳಿದ. ಹಾಳೆಯಲ್ಲಿದ್ದ ಪಾಠಗಳನ್ನೆಲ್ಲ ಕೂತು ಯಂತ್ರಕ್ಕೆ ತುಂಬಿಸಿದ. "ಇನ್ನ ಈ ಹಾಳಿಗೋಳಿಗೆ ಪಿಂಚಣಿ!"

ಪಿಂಚಣಿಗೆ ಹೋದವರನ್ನು ಎಲ್ಲಿ ಇಡಬೇಕು? ಅತ್ತೆ ಆ ಕಟ್ಟನ್ನು ಜಾಗ ಇದ್ದಲ್ಲಿ, ಅಂದರೆ ಜೋಳದ ಚೀಲಗಳ ಕೆಳಗೆ, ಭದ್ರವಾಗಿ ಇಟ್ಟಳು.

ಆ ಸಲ ದಸರೆಯ ರಜೆ ಮಾವನಿಗೆ ರಜೆಯಾಗಿರಲಿಲ್ಲ. ಶಾಲೆ ತೆರೆದ ಮೊದಲ ದಿನವೇ ಶಿಕ್ಷಣ ಇಲಾಖೆಯ ಒಬ್ಬ ಸಾಹೇಬರು ಬಂದು ಅವನ ತರಗತಿಯಲ್ಲಿ ಕೂರುವವರಿದ್ದರು. ಅವರು ಸೈ ಎಂದರೆ ನೌಕರಿ ಕಾಯಂ, ಇಲ್ಲವೆಂದರೆ ಅಲ್ಲಿಗೆ ಮುಗಿಯಿತು. ಕಣ್ಣಿಲ್ಲದವನು ಹುಡುಗರಿಗೆ ಏನು ಓದಿ ಹೇಳುತ್ತಾನೆ ಎಂಬ ಅನುಮಾನ ಶಾಲೆಯ ಕಮಿಟಿಯಲ್ಲಿ ಕೆಲವರಿಗಿತ್ತು.

"ಬಾಯಿಪಾಠ ಒಪ್ಪಿಸಿಬಿಡು ಮಾವಾ" ಎಂದೆ ನಾನು.

"ಗಿಳಿ ಅಂತಾರ. ಯಾವ ಪುಟ ಹೇಳ್ತಾರೋ ಆ ಪುಟ ಓದಿ ತೋರಸ್ಬೇಕು. ಅದಕ್ಕ ಅಲ್ಲೇನು ಈ ಯಂತ್ರ ಇರೋದು?"

ಇತ್ತು, ಖಂಡೇನವಮಿಯವರೆಗೆ ಇತ್ತು. ಅವತ್ತು ಆಯುಧಪೂಜೆ. ಕುಡುಗೋಲು, ಈಳಿಗೆ, ಹೊಲಿಗೆ ಯಂತ್ರ, ಪಕ್ಕದ ಮನೆಯವರ ಸೈಕಲ್ಲು, ಎಲ್ಲಕ್ಕೂ ಪೂಜೆ. ಗಂಡನ ನೌಕರಿ ಯಾವುದರ ಕೈಯಲ್ಲಿದೆಯೋ ಅದಕ್ಕೆ ಮಾತ್ರ ಬೇಡವೆಂದರೆ ಹೇಗೆ? ಮಾವ ಸ್ನಾನಕ್ಕೆ ಹೋದಾಗ ಅತ್ತೆ ಯಂತ್ರವನ್ನು ಮಣೆಯ ಮೇಲೆ ಕೂರಿಸಿದಳು. ಹೂವಿನಿಂದ ನೀರು ಚಿಮುಕಿಸಿದಳು. ವಿಭೂತಿ ಬಳಿದಳು. ಪ್ರತಿ ತೂತಿಗೂ ಕುಂಕುಮವಿಟ್ಟಳು, ಒಂದನ್ನೂ ಬಿಡಲಿಲ್ಲ! ಪಕ್ಕದಲ್ಲಿ ನಿಂತು ಊದುಬತ್ತಿ ಬೆಳಗಿದವಳು ನಾನೇ.

ಮಾವ ಬಂದು ಗುಂಡಿ ಒತ್ತಿದ. ಒಂದೆರಡು ಮೊಳೆ ಅರ್ಧ ಎದ್ದು, ಕೆಮ್ಮಿದಂತೆ ನಡುಗಿ, ಅಲ್ಲೇ ಹಿಡಿದುಕೊಂಡವು.

ಸಿಂಧನೂರಿನ ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಲ್ಲಿ ರೇಡಿಯೊ ರಿಪೇರಿ ಮಾಡುವ ಗೆಳೆಯನೊಬ್ಬ ಮಾವನಿಗಿದ್ದ. ಯಂತ್ರವನ್ನು ಸೀರೆಯಲ್ಲಿ ಸುತ್ತಿ ಅವನ ಬಳಿಗೆ ಓಡಿದೆವು. ಅವನು ಭೂತಗನ್ನಡಿ ಹಿಡಿದು ಒಳಗೆಲ್ಲ ನೋಡಿದ. ಕಡ್ಡಿಯ ತುದಿಯಿಂದ ಒದ್ದೆ ಕುಂಕುಮವನ್ನು ಕೆದಕಿ ತೆಗೆದ.

"ಮಾಸ್ಟರ್ ಮೊಶಾಯ್, ನಮ್ಮಾಗೂ ದುರ್ಗಾಪೂಜಾ ಐತಿ. ಆದ್ರ ನಾವು ಮೊದ್ಲ ಪೂಜಾ ಮಾಡ್ತೀವಿ, ಆಮ್ಯಾಲೆ ನೀರಿಗೆ ಬಿಡ್ತೀವಿ. ನಿಮ್ಮ ಮನ್ಯಾಗ ಎಲ್ಡೂ ಒಮ್ಮೆಗೇ ಮುಗಿಸ್ಯಾರ!"

ನಗುತ್ತಲೇ ಹೇಳಿದ, ಆದರೆ ಬೆಂಗಳೂರಿಗೆ ಕಳಿಸದೆ ದಾರಿಯಿಲ್ಲವೆಂದ. ಶಾಲೆ ತೆರೆಯಲು ಉಳಿದದ್ದು ನಾಲ್ಕೇ ದಿನ.

ಪಿಂಚಣಿ ಹಾಳೆಗಳ ನೆನಪಾಯಿತು. ಜೋಳದ ಚೀಲ ಸರಿಸಿ ಕಟ್ಟು ಎಳೆದೆವು. ಮಾವ ಮೊದಲ ಹಾಳೆಯ ಮೇಲೆ ಬೆರಳಿಟ್ಟ. ಎರಡನೆಯದು, ಮೂರನೆಯದು. ಚೀಲದ ಭಾರಕ್ಕೆ ಚುಕ್ಕಿಗಳೆಲ್ಲ ಮಲಗಿಬಿಟ್ಟಿದ್ದವು. ಹಾಳೆ ಹಾಳೆಯೂ ಹಪ್ಪಳದ ಹಾಗೆ ಸಪಾಟು!

"ನಡೀ, ನೀ ಓದು, ನಾ ಚುಚ್ತೀನಿ" ಎಂದ ನನಗೆ. ಅವತ್ತೇ ಕೂತೆವು. ಒಂದು ಪಾಠಕ್ಕೇ ಒಂದು ದಿನ ಹಿಡಿಯಿತು. ಸಾಹೇಬರು ಯಾವ ಪಾಠ ಕೇಳುತ್ತಾರೆಂದು ಯಾರಿಗೆ ಗೊತ್ತು? ಮಾವ ಅತ್ತೆಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಸುಮ್ಮನೆ ಊಟ ಮಾಡಿ ಕೈ ತೊಳೆಯುತ್ತಿದ್ದ.

ಅತ್ತೆ ಗೊರೇಬಾಳದ ಗದ್ದೆಯಲ್ಲಿ ದುಡಿದು ಬೆಳೆದವಳು, ಶಾಲೆಯ ಮುಖ ಕಂಡವಳಲ್ಲ. ಮರುದಿನ ಬೆಳಿಗ್ಗೆ ನಾನು ಹಿತ್ತಲಿಗೆ ಹೋದರೆ ಅವಳು ಮಡಚಿದ ಕಂಬಳಿಯ ಮೇಲೆ ಹಾಳೆಯೊಂದನ್ನು ಬೋರಲು ಹಾಕಿ, ಭತ್ತದ ಚೀಲ ಹೊಲಿಯುವ ದಬ್ಬಣ ಹಿಡಿದು ಬಾಗಿ ಕೂತಿದ್ದಳು.

"ಏನ್ ಮಾಡಾಕತ್ತೀ ಅತ್ತೀ?"

"ಸುಮ್ನ ನೋಡು. ಎಳಿಬಿಸಿಲು ಅಡ್ಡ ಬಿದ್ರ ಹಿಂದಿನ ಕುಣಿ ಕಾಣ್ತಾವ. ಅವರು ಎಲ್ಲಿ ಚುಚ್ಯಾರೋ ಅಲ್ಲೇ ಮತ್ತ ಒತ್ತೋದು. ಓದಾಕ ಬರಬೇಕಂತೇನಿಲ್ಲ."

ಬಾಗಿ ನೋಡಿದೆ. ಹೌದು, ಹಾಳೆಯ ಬೆನ್ನಿನ ಮೇಲೆ ಇರುವೆಯ ಹೆಜ್ಜೆಯಂಥ ಕುಳಿಗಳು, ಒಂದೊಂದರಲ್ಲೂ ಒಂದು ಚೂರು ನೆರಳು! ನಾನೂ ಕೈ ಹಾಕಲು ಹೋದೆ. "ನೀ ಬ್ಯಾಡ. ನಿನ್ನ ಕೈ ಅವಸರದ್ದು" ಎಂದು ದೂರ ಕೂರಿಸಿದಳು. ಬಿಸಿಲು ನೆತ್ತಿಗೇರಿದರೆ ಕುಳಿ ಕಾಣುತ್ತಿರಲಿಲ್ಲ. ಆಗ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಸಂಜೆ ಬಿಸಿಲು ಓರೆಯಾದೊಡನೆ ಮತ್ತೆ ಹಿತ್ತಲಿಗೆ. ಅವಳ ಹೆಬ್ಬೆರಳು ಬೊಬ್ಬೆ ಎದ್ದು, ಒಡೆದು, ಅರಿವೆ ಸುತ್ತಿಸಿಕೊಂಡಿತು.

ಶಾಲೆಗೆ ಹೊರಡುವ ಬೆಳಿಗ್ಗೆ ಅತ್ತೆ ಕಟ್ಟನ್ನು ಮಾವನ ತೊಡೆಯ ಮೇಲಿಟ್ಟಳು. ಮಾವ ಬೆರಳಾಡಿಸಿ ಬೆಚ್ಚಿಬಿದ್ದ.

"ಯಾರಲೇ ಇದು? ಚೀಲ ಹೊಲದಂಗ ಹೊಲದಾರ! ಬೆರಳು ಸಿಗಬೀಳಾಕತ್ತಾವ!"

"ನಾನ ರೀ" ಎಂದಳು ಅತ್ತೆ ಮೆಲ್ಲಗೆ.

ಮಾವನ ಬೆರಳು ಸಾಲಿನ ಕೊನೆಯವರೆಗೆ ಹೋಯಿತು. ಕೆಳಗಿನ ಸಾಲಿಗೆ ಇಳಿಯಿತು. ಹಾಳೆ ಮುಗಿದರೂ ಅವನು ಕೈ ತೆಗೆಯಲಿಲ್ಲ. ಆಮೇಲೆ ಅತ್ತೆಯ ಕೈ ಹುಡುಕಿ ಹಿಡಿದ. ಹೆಬ್ಬೆರಳಿನ ಅರಿವೆಯನ್ನು ಮುಟ್ಟಿದ. ನಾನು ಚಹಾದ ನೆಪ ಮಾಡಿ ಒಳಗೆ ಹೋದೆ.

ಸಾಹೇಬರು ನಟ್ಟನಡುವಿನ ಪಾಠವನ್ನೇ ಕೇಳಿದರಂತೆ. ಮಾವ ಹಾಳೆ ತೆಗೆದು ಎಲ್ಲೂ ತಡವರಿಸದೆ ಓದಿದನಂತೆ. "ಏನ್ ಮಾಸ್ತರ್, ಇಷ್ಟು ತೂತು ಬಿದ್ದಾವ?" ಎಂದು ಕೇಳಿದ್ದಕ್ಕೆ, "ಓದಿ ಓದಿ ಸವದಾವ್ರಿ ಸಾಹೇಬ್ರ!" ಎಂದನಂತೆ.

ನೌಕರಿ ಕಾಯಂ ಆಯಿತು. ಬೆಂಗಳೂರಿನವರಿಗೆ ಯಂತ್ರದ ಜೊತೆ ತನ್ನ ತೀರ್ಪನ್ನೂ ಕಳಿಸಿದ: "ಧೂಳು ತಡೆಯುತ್ತದೆ, ಬಿಸಿಲು ತಡೆಯುತ್ತದೆ, ನಮ್ಮ ಬಸ್ಸನ್ನೂ ತಡೆಯುತ್ತದೆ. ಭಕ್ತಿಯನ್ನು ಮಾತ್ರ ತಡೆಯುವುದಿಲ್ಲ."

ಆ ಚಳಿಗಾಲದಲ್ಲಿ ಅತ್ತೆ ಮಾವನ ಪಕ್ಕ ಕೂತು ಬ್ರೈಲ್ ಕಲಿತಳು. ಅವಳಿಗೆ ಬರುತ್ತಿದ್ದ ಲಿಪಿ ಅದೊಂದೇ. ಒಂದು ಸಂತೆಯ ದಿನ ತಾನೇ ಒಂದು ಚೀಟಿ ಚುಚ್ಚಿ ಮಾವನ ಅಂಗಿಯ ಕಿಸೆಯಲ್ಲಿಟ್ಟಳು. ಮಾವ ಸಂತೆಯಲ್ಲಿ ನಿಂತು, ಕಿಸೆಯೊಳಗೇ ಬೆರಳಾಡಿಸಿ ಓದಿಕೊಂಡು, ಉಪ್ಪು, ಬೆಲ್ಲ, ಬೆಂಕಿಪೆಟ್ಟಿಗೆ ಕೊಂಡ. ಕೊನೆಯ ಸಾಲಿನಲ್ಲಿ "ಲಗೂ ಬರ್ರಿ" ಎಂದಿತ್ತಂತೆ. ಅವತ್ತು ಅವನು ಹೊತ್ತು ಮುಳುಗುವ ಮೊದಲೇ ಮನೆಗೆ ಬಂದ.