ನಾರಪ್ಪನ ಚುನಾವಣಾ ಮದುವೆ

ಚುನಾವಣೆಯ ದುಂದುವೆಚ್ಚವನ್ನು ಸರ್ಕಾರ ನಿಲ್ಲಿಸಿದ್ದರಿಂದಲೇ ಸೆಟ್ಟೂರಿನ ನಾರಪ್ಪನಿಗೆ ಕಂಕಣಬಲ ಕೂಡಿಬಂತು.

ತೊಂಬತ್ತರ ದಶಕದ ಮಾತು. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಮಿತವ್ಯಯ ಅಧಿಕಾರಿಗಳ ಜೀಪು ನಿಂತು ಮೈಕಿನಲ್ಲಿ ಸಾರಿತು: "ಪ್ರಚಾರ ಎರಡೇ ವಾರ. ಅಭ್ಯರ್ಥಿಗಳು ಮತದಾರರಿಗೆ ಊಟ ಹಾಕಿಸತಕ್ಕದ್ದಲ್ಲ. ಮದುವೆ ಊಟಕ್ಕೆ ಈ ನಿಯಮ ಅನ್ವಯಿಸತಕ್ಕದ್ದಲ್ಲ."

ಅಭ್ಯರ್ಥಿ ಮುತ್ಯಾಲಪ್ಪನಿಗೆ ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ. ನಾರಪ್ಪ ಅಲ್ಲೇ ಮೂಟೆ ಹೊರುತ್ತಿದ್ದ, ಪೋಲಮ್ಮ ಅಲ್ಲೇ ಬೀಜ ಬಿಡಿಸುತ್ತಿದ್ದಳು. ಇಬ್ಬರಿಗೂ ಮನಸ್ಸಿತ್ತು. ಊರಿಗೆ ಊಟ ಹಾಕುವ ತಾಕತ್ತಿರಲಿಲ್ಲ, ಹಾಕದೆ ತಾಳಿ ಕಟ್ಟಿದರೆ ಊರು ಒಪ್ಪುತ್ತಿರಲಿಲ್ಲ.

"ನಿನ್ ಪೆಳ್ಳಿ ನಾನ್ ಮಾಡಿಸ್ತೀನಿ ಕಣ್ಲಾ, ಮದ್ವೆ ಊಟಾನೂ ನಂದೇ," ಅಂದ ಮುತ್ಯಾಲಪ್ಪ.

ಸೆಟ್ಟೂರಿನ ಚಪ್ಪರ ಹೆಂಗಿತ್ತು ಅಂತೀರಿ? ಅದರ ನೆರಳು ಪೆನುಕೊಂಡದ ಕೋಟೆ ಮೇಲೆ ಬಿದ್ದು ಅಲ್ಲಿ ಹಗಲಲ್ಲೇ ದೀಪ ಹಚ್ಚಿದರು. ಸಾರಿನ ಹಂಡೆಗೆ ಇಣುಕಲು ಏಣಿ, ಬಡಿಸುವವರಿಗೆ ಸೈಕಲ್ಲು. ನಾರಪ್ಪ ತಾಳಿ ಎತ್ತಿದ. ಮುತ್ಯಾಲಪ್ಪ ಮೈಕು ಎತ್ತಿದ. "ವಧೂವರರನ್ನು ಹರಸಿ, ಒರಳುಕಲ್ಲಿನ ಗುರುತಿಗೆ..." ಭಾಷಣ ಮುಗಿಯುವಷ್ಟರಲ್ಲಿ ಮುಹೂರ್ತ ಮೀರಿತ್ತು.

"ಯೋಚ್ನೆ ಮಾಡ್ಬ್ಯಾಡ," ಅಂದ ಮುತ್ಯಾಲಪ್ಪ. "ನಾಳೆ ಪಕ್ಕದೂರಲ್ಲಿ ಇನ್ನೂ ಒಳ್ಳೆ ಮುಹೂರ್ತ ಐತೆ."

ಪಕ್ಕದೂರಲ್ಲೂ ಅಷ್ಟೇ. ಅದರ ಪಕ್ಕದೂರಲ್ಲೂ ಅಷ್ಟೇ. ಅರಿಶಿನ ಹಚ್ಚಿಸಿಕೊಂಡೂ ಹಚ್ಚಿಸಿಕೊಂಡೂ ನಾರಪ್ಪ ಬಯಲಲ್ಲಿ ನಿಂತರೆ, ಸೂರ್ಯಕಾಂತಿ ಅಂದುಕೊಂಡು ಜೇನು ಮುತ್ತುತ್ತಿದ್ದವು.

"ನಿನ್ ತಾಳಿಗಿಂತ ಅವನ ನಾಲ್ಗೆ ಉದ್ದ ಕಣಯ್ಯ," ಅಂದಳು ಪೋಲಮ್ಮ.

ಅಧಿಕಾರಿಗಳು ಪ್ರತಿ ಚಪ್ಪರಕ್ಕೂ ಬಂದರು. ಪಾಯಸವನ್ನು ಪರಿಶೀಲಿಸಿದರು, ಅನುಮಾನ ಉಳಿದದ್ದರಿಂದ ಮರುಪರಿಶೀಲಿಸಿದರು. ಕೈ ತೊಳೆದು, "ಇದು ಶಾಸ್ತ್ರೋಕ್ತ ಮದುವೆಯೇ," ಎಂದು ದೃಢೀಕರಿಸಿದರು.

ಮುತ್ಯಾಲಪ್ಪ ಗೆದ್ದ. ಮಾರನೇ ದಿನವೇ ನಾರಪ್ಪ ಪೋಲಮ್ಮನನ್ನು ಕರೆದುಕೊಂಡು ಊರ ಕಟ್ಟೆಗೆ ಬಂದ. "ಈವಾಗ ಯಾವ ಭಾಸಣಾನೂ ಇಲ್ಲ, ಕಟ್ಬುಡ್ತೀನಿ!"

ಸುದ್ದಿ ತಿಳಿದು ಅಧಿಕಾರಿಗಳ ಜೀಪು ಓಡಿಬಂತು. "ಈಗ ಕಟ್ಟಿದರೆ ಹಿಂದಿನವು ಮದುವೆಯಲ್ಲ ಎಂದಾಗುತ್ತದೆ. ಮದುವೆಯಲ್ಲವಾದರೆ ಪ್ರಚಾರ. ಗೆಲುವು ರದ್ದು. ಉಂಡವರು ಉಂಡದ್ದನ್ನು ಸರ್ಕಾರಕ್ಕೆ ಹಿಂತಿರುಗಿಸತಕ್ಕದ್ದು."

ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡಿತು.

"ಅಯ್ಯೋ, ಕಟ್ಬ್ಯಾಡ ಕಣಪ್ಪ!" ಊರ ಹಿರಿಯಳು ಪೆದ್ದಕ್ಕ ಕೂಗಿದಳು. "ನಿಮ್ಗೆ ಊರೂರಲ್ಲೂ ಮದ್ವೆ ಆಗೈತೆ. ನಾವೇ ಉಂಡಿದೀವಲ್ಲ!"

"ಹಂಗಾದ್ರೆ ತಾಳಿ?" ಅಂದಳು ಪೋಲಮ್ಮ.

"ಅದನ್ನು ಮುಂದಿನ ಚುನಾವಣೆಗೆ ಕಾಯ್ದಿರಿಸಲಾಗಿದೆ," ಎಂದರು ಅಧಿಕಾರಿಗಳು.

ನಾರಪ್ಪ ತಾಳಿಯನ್ನು ಮನೆಯ ಗೂಟಕ್ಕೆ ನೇತುಹಾಕಿ ಸಂಸಾರ ಹೂಡಿದ. ಯಾರೂ ತಪ್ಪು ತಿಳಿಯಲಿಲ್ಲ.

ಪಂಚಾಯಿತಿ ಚುನಾವಣೆ ಬಂತು. ಸರಪಂಚ್ ಸ್ಥಾನಕ್ಕೆ ನಿಂತ ಈರಲಿಂಗಪ್ಪ ಬಾಗಿಲಿಗೆ ಬಂದು, ತೊಡೆ ಮೇಲೆ ಮಗು ಆಡಿಸುತ್ತಿದ್ದ ನಾರಪ್ಪನನ್ನು ಕೇಳಿದ: "ಏಮಪ್ಪಾ, ನಿನ್ ಮದ್ವೆ ಇನ್ನೂ ಬಾಕಿ ಐತಂತಲ್ಲ?"

ಒಳಗೆ ಪೋಲಮ್ಮ ಆಗಲೇ ಅರಿಶಿನ ಕಲಸುತ್ತಿದ್ದಳು.

"ಐತೆ ಕಣಣ್ಣ, ಬಾ ಕೂತ್ಕೋ," ಅಂದ ನಾರಪ್ಪ. "ಈ ಸಲ ನಮ್ ಮಗೀಗೂ ಒಂದು ಎಲೆ ಹಾಕ್ಸು."