ಪೂಜೆಯಾದ ಗೀಸರ್

ಎಲ್ಲಕ್ಕೂ ಮೂಲ ಮುರುಗೇಶಪ್ಪನ ಸೊಂಟ. ಚನ್ನಗಿರಿಯಲ್ಲಿ ಗೀಸರ್ ರಿಪೇರಿ ಅಂಗಡಿ ಇಟ್ಟಿರುವ ಈ ಮನುಷ್ಯನ ಸೊಂಟ ವರ್ಷವಿಡೀ ಗಟ್ಟಿಮುಟ್ಟಾಗಿದ್ದು, ನೀರು ತುಂಬುವ ಹಬ್ಬದ ಬೆಳಿಗ್ಗೆ ಸರಿಯಾಗಿ ಹಿಡಿದುಕೊಂಡಿತು.

"ಬಸವಾಪಟ್ಟಣದ ಪ್ರೇಮಮ್ಮಾರ ಮನೆ ಗೀಸರ್ ಕಾಯ್ತಿಲ್ವಂತೆ. ನಾಳೆ ಹೊಸ ಅಳಿಯನ ಎಣ್ಣೆಸ್ನಾನ. ನೀನೊಬ್ನೇ ಹೋಗಿ ಬಾ ಕೊಟ್ರೇಶ," ಎಂದು ಆತ ಬೆಂಚಿನ ಮೇಲೆ ಮಲಗಿಯೇ ತನ್ನ ಅಂಗಡಿಯ ಕೆಲಸದ ಹುಡುಗನಿಗೆ ನರಳುತ್ತ ಹೇಳಿದ. "ಆ ಮನೆಯೋರು ಬೈಯದಂಗೆ ವಾಪಸ್ ಬಂದ್ರೆ ನಿಂಗೆ ಅನುಭವ ಬಂತು ಅಂತ ಒಪ್ಕಂತೀನಿ. ನಿನ್ನ ಅಂಗಡಿ ನೀನು ಹಾಕ್ಕ."

ಈ ಮಾತಿಗಾಗಿ ಕೊಟ್ರೇಶ್ ಕಾದು ಕಾದು ಹಣ್ಣಾಗಿದ್ದ. ಸ್ವಂತ ಅಂಗಡಿ ಎಂದಾಗಲೆಲ್ಲ ಮುರುಗೇಶಪ್ಪ "ಇನ್ನೂ ಅನುಭವ ಸಾಲ್ದು" ಎನ್ನುತ್ತಿದ್ದ. ಕೊಟ್ರೇಶನಿಗೋ ಮದುವೆಯಾದ ಹೊಸತು, ಇದೇ ಮೊದಲ ದೀಪಾವಳಿ. ಹಬ್ಬದೊಳಗೆ ಸ್ವಂತ ಅಂಗಡಿ ಎಂದು ನ್ಯಾಮತಿಯ ಮಾವನ ಮುಂದೆ ಬಾಯಿ ಬಿಟ್ಟಾಗಿತ್ತು. ಹೆಂಡತಿ ಮೇಘಶ್ರೀ ಆಗಲೇ ತವರು ಸೇರಿದ್ದಳು. ಸಂಜೆ ತಾನೂ ಅಲ್ಲಿಗೆ ಹೋಗಬೇಕು. ಹೊಸಿಲು ದಾಟುವ ಮೊದಲೇ ಮಾವ ಅಂಗಡಿಯ ಮಾತೆತ್ತುತ್ತಾರೆ.

ಪ್ರೇಮಮ್ಮನವರ ಬಚ್ಚಲಿಗೆ ಕಾಲಿಟ್ಟವನು ಹೌಹಾರಿದ. ಗೋಡೆಯ ಗೀಸರ್‌ಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ. ನಡುವೆ ವಿಭೂತಿ, ಸುತ್ತಲೂ ಹಿಂಡಲಕಾಯಿ ಬಳ್ಳಿ. ಹಬ್ಬಕ್ಕೆ ಹಂಡೆಗೆ ಮಾಡುವ ಸಿಂಗಾರವನ್ನೆಲ್ಲ ಗೀಸರ್‌ಗೇ ಮಾಡಿ, ಆರತಿಯನ್ನೂ ಎತ್ತಿಯಾಗಿತ್ತು. ಅವನು ಸ್ಕ್ರೂಡ್ರೈವರ್ ತೆಗೆದದ್ದೇ ತಡ, ಪ್ರೇಮಮ್ಮ ಅಡ್ಡ ಬಂದರು.

"ತಮ್ಮಾ, ಪೂಜೆ ಆಗೈತೆ! ನಾಳೆ ಸ್ನಾನ ಆಗೋ ತಂಕ ಬಿಚ್ಚಂಗಿಲ್ಲ!"

"ಬಿಚ್ಚದೆ ರಿಪೇರಿ ಮಾಡಾಕೆ ಹೆಂಗಾಗ್ತೈತ್ರೀ ಅಮ್ಮಾ?"

"ಅದು ನಂಗೇನು ಗೊತ್ತಪ್ಪ? ಮುರುಗೇಶಪ್ಪಾರೇ ಬಂದಿದ್ರೆ ಹಿಂಗೆ ಕೇಳ್ತಿರ್ಲಿಲ್ಲ."

ಅಷ್ಟರಲ್ಲಿ ಪಕ್ಕದ ಮನೆಯ ಮಲ್ಲಿಕಾರ್ಜುನಪ್ಪ ಕರೆಯದೆಯೇ ಒಳಗೆ ಬಂದರು. ಹಿಂದೊಮ್ಮೆ ಬೋರ್‌ವೆಲ್ ಮೋಟಾರು ಸರಿ ಮಾಡಿದವರ ಪಕ್ಕ ನಿಂತಿದ್ದ ಕಾರಣ ಅವರಿಗೆ ಕರೆಂಟಿನ ವಿಷಯದಲ್ಲಿ ಬಲು ಧೈರ್ಯ.

"ಏನಿಲ್ಲ, ಕರೆಂಟು ಒಳಗೆ ಸಿಕ್ಕಂಡೈತೆ. ಸ್ವಿಚ್ ಪಟಪಟ ಒತ್ತಿದ್ರೆ ದಾರಿ ಬಿಡ್ತೈತೆ," ಎಂದವರೇ ಒತ್ತಿಯೂ ಬಿಟ್ಟರು. ಕೊಟ್ರೇಶ್ "ಬ್ಯಾಡ್ರೀ" ಎನ್ನುವಷ್ಟರಲ್ಲಿ ಫಟ್ ಎಂದಿತು. ಹೊರಗೆ ಕಂಬದ ಮೇಲೂ ಇನ್ನೊಂದು ಫಟ್. ಇಡೀ ಓಣಿಯ ಕರೆಂಟು ಹೋಯಿತು.

ಹೋಳಿಗೆಯ ದಿನ. ಮನೆಮನೆಯ ಮಿಕ್ಸಿಯಲ್ಲೂ ಹೂರಣ ಅರ್ಧಂಬರ್ಧ ನಿಂತಿತು. ಕೈಗೆ ಬೇಳೆ ಮೆತ್ತಿಕೊಂಡ ಹೆಂಗಸರೆಲ್ಲ ಪ್ರೇಮಮ್ಮನವರ ಅಂಗಳಕ್ಕೆ ನುಗ್ಗಿದರು. ಮಲ್ಲಿಕಾರ್ಜುನಪ್ಪ ಅವರ ನಡುವೆ ಸೇರಿಕೊಂಡು, "ಯಾವನಪ್ಪ ಇದು ಮಾಡಿದ್ದು?" ಎಂದು ಎಲ್ಲರಿಗಿಂತ ಜೋರಾಗಿ ಕೇಳಿದರು. ಎಲ್ಲರ ಕಣ್ಣೂ ಕೊಟ್ರೇಶನ ಮೇಲೆ. "ಅಳಿಯಂದಿರು ಬಸ್ ಹತ್ತಿದ್ರಂತೆ!" ಎಂದು ಪ್ರೇಮಮ್ಮ ತಲೆ ಮೇಲೆ ಕೈ ಹೊತ್ತರು.

ಕೊಟ್ರೇಶ್ ಜೀವ ಉಳಿಸಿಕೊಳ್ಳಲು ಹಿತ್ತಲಿಗೆ ಓಡಿದ. ಅಲ್ಲಿ ಎಮ್ಮೆಯೊಂದು ಕಲಗಚ್ಚು ಕುಡಿಯುತ್ತಿತ್ತು. ಯಾವುದರಲ್ಲಿ? ಅಜ್ಜನ ಕಾಲದ ತಾಮ್ರದ ಹಂಡೆಯಲ್ಲಿ!

ಎಮ್ಮೆ ಬಿಡಲಿಲ್ಲ, ಇವನೂ ಬಿಡಲಿಲ್ಲ. ಕೊನೆಗೆ ಹಂಡೆ ಇವನ ಕೈಗೆ ಬಂತು, ಅಂಗಿಯ ತೋಳು ಎಮ್ಮೆಯ ಬಾಯಿಗೆ ಹೋಯಿತು. ಹುಣಸೆಹಣ್ಣು ಹಾಕಿ ತಿಕ್ಕಿದ, ಮೂರು ಕಲ್ಲು ಹೂಡಿದ, ತೆಂಗಿನ ಗರಿ ಒಟ್ಟಿ ಊದಿ ಊದಿ ಮಸಿಮುಖನಾದ. ನೀರಿನಿಂದ ಹಬೆ ಏಳುವುದನ್ನು ಕಂಡ ಪ್ರೇಮಮ್ಮನವರ ಮುಖ ಅರಳಿತು.

"ಅಯ್ಯೋ, ನಮ್ಮತ್ತೆ ಕಾಲದ ನೀರು ಕಂಡಂಗಾತಪ್ಪ! ಅಳಿಯಂದಿರಿಗೆ ಇದೇ ಇರ್ಲಿ," ಎಂದು ಮಿಕ್ಕ ಬಳ್ಳಿಯನ್ನು ಹಂಡೆಗೂ ಸುತ್ತಿದರು. ಲೈನ್‌ಮ್ಯಾನ್ ಬಂದು ಫ್ಯೂಸ್ ಹಾಕಿದ. ಮಿಕ್ಸಿಗಳು ಗುರ್ ಎಂದವು. ಯಾರೂ ಬೈಯಲಿಲ್ಲ. ಕೊಟ್ರೇಶನಿಗೆ ಹೋದ ಜೀವ ಬಂದಂತಾಯಿತು.

ಚನ್ನಗಿರಿಗೆ ಮರಳಿದಾಗ ಮುರುಗೇಶಪ್ಪ ಸ್ಟೂಲಿನ ತುದಿಯಲ್ಲಿ ತುದಿಗಾಲಲ್ಲಿ ನಿಂತು ತೋರಣ ಕಟ್ಟುತ್ತಿದ್ದ.

"ಅಣ್ಣಾ, ಸೊಂಟ?"

"ನೀನು ಬಂದ್ಯಲ್ಲ, ಬಿಡ್ತು." ನಡೆದದ್ದನ್ನೆಲ್ಲ ಕೇಳಿ ಆತ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾಯಿಲ್ ಹಾಕಾಕೆ ಯಾವನಿಗಾದ್ರೂ ಬರ್ತೈತೆ. ಹೊಸ ಅಳಿಯ ಬರೋ ಮನೆಗೆ ಈ ಹಬ್ಬದ ದಿನ ಹೋಗಬಾರ್ದು ಅನ್ನೋದೇ ಅನುಭವ ಕಣೋ. ಇವತ್ತು ನಿಂಗೂ ಬಂತು. ಧೈರ್ಯವಾಗಿ ಅಂಗಡಿ ಹಾಕ್ಕ ಹೋಗು."

ಕೊಟ್ರೇಶನ ಎದೆ ಹಗುರಾಯಿತು. ಇನ್ನು ಮಾವನ ಮುಂದೆ ತಲೆಯೆತ್ತಿ ಕೂರಬಹುದು. ನಾಳೆ ಮಣೆಯ ಮೇಲೆ ಕುಳಿತರೆ ಸಾಕು, ಎಣ್ಣೆ ಹಚ್ಚುವವರು ಬೇರೆ, ನೀರು ಹೊಯ್ಯುವವರು ಬೇರೆ. ಅವನು ಬ್ಯಾಗು ಹೆಗಲಿಗೆ ಹಾಕುವಾಗಲೇ ಅಂಗಡಿಯ ಫೋನು ರಿಂಗಾಯಿತು. ಎರಡೂ ಕೈಯಲ್ಲಿ ತೋರಣವಿದ್ದ ಮುರುಗೇಶಪ್ಪ ಕಿರುಬೆರಳಿನಲ್ಲೇ ಸ್ಪೀಕರ್ ಒತ್ತಿದ.

"ಮುರುಗೇಶಪ್ಪಾರಾ? ನಾನು ನ್ಯಾಮತಿ ರುದ್ರಮುನಿ. ನಮ್ಮ ಗೀಸರ್ ಕಾಯ್ತಿಲ್ರೀ. ಅಳಿಯಂದಿರು ಬರೋದ್ರೊಳಗೆ ಯಾರಾದ್ರೂ ಅನುಭವಸ್ಥರನ್ನ ಕಳಿಸ್ರಿ. ಅವ್ರಿಗೆ ಮಾತ್ರ ಗೊತ್ತಾಗೋದು ಬ್ಯಾಡ. ಸ್ವಂತ ಅಂಗಡಿ ಹಾಕೋರು, ಅವ್ರ ಸ್ನಾನದ ಗೀಸರ್‌ಗೆ ಅವ್ರ ಕೈಲೇ ಸ್ಪ್ಯಾನರ್ ಹಿಡಿಸಿದ್ರೆ ನಮ್ಮ ಮರ್ಯಾದೆ ಏನಾಗ್ತೈತೆ?"

ಮಾವನ ದನಿ ಕೇಳಿ ಕೊಟ್ರೇಶ್ ಬೆಂಚಿನ ಮೇಲೆ ಕುಸಿದ. ಮುರುಗೇಶಪ್ಪ ಸ್ಟೂಲಿನಿಂದ ಮೆಲ್ಲಗೆ ಇಳಿದು ಸೊಂಟಕ್ಕೆ ಕೈಯಿಟ್ಟ.

"ಅನುಭವ ಇರೋನ್ನೇ ಕಳಿಸ್ತೀನಿ ಬಿಡ್ರಿ ರುದ್ರಮುನಿಯೋರೆ, ಹೆಂಗಿದ್ರೂ ಆ ಕಡೆಗೇ ಹೊರಟಾನೆ. ಅಂದಂಗೆ, ಗೀಸರ್‌ಗೆ ಪೂಜೆ ಆತಾ?"

"ಆಗ್ಲೇ ಆತ್ರೀ."

ಕೊಟ್ರೇಶ್ ಕಣ್ಣು ಮುಚ್ಚಿಕೊಂಡು, ಗಾಳಿಯಲ್ಲಿ ಕೈಯಿಂದ ಏನೋ ದುಂಡಗೆ ಬರೆದು ಕೇಳುವಂತೆ ಸನ್ನೆ ಮಾಡಿದ. ಮುರುಗೇಶಪ್ಪ ಕೇಳಿದ: "ಹಿತ್ತಲಾಗೆ ಹಳೇ ಹಂಡೆ ಏನಾರ ಐತೇನ್ರಿ?"

"ಐತ್ರೀ. ಎಮ್ಮೆಗೆ ಇಟ್ಟೀವಿ."

ಕೊಟ್ರೇಶ್ ನಿರಾಳವಾಗಿ ಉಸಿರು ಬಿಟ್ಟು, ಉಳಿದಿದ್ದ ಇನ್ನೊಂದು ತೋಳನ್ನು ಮೇಲಕ್ಕೆ ಮಡಚಿದ.